ಮೇಲೇಳದ ಮುಳ್ಳು

ಹೊಳೆದಂಡೆಯ ಆಶ್ರಮಕ್ಕೊಂದು ಹಳೇ ವ್ಯಾನಿತ್ತು. ಸುತ್ತಲ ಊರುಗಳ ರೋಗಿಗಳನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದು ಶಿಷ್ಯ ಉಳವಯ್ಯನ ಸೇವೆ.

ವ್ಯಾನಿನ ಎಂಜಿನ್ ಆಗಾಗ ಕಾದುಬಿಡುತ್ತಿತ್ತು. ಉಳವಯ್ಯ ಪೇಟೆಯಿಂದ ಟೆಂಪರೇಚರ್ ಮೀಟರೊಂದನ್ನು ತಂದು ತಾನೇ ಕೂರಿಸಿದ. ಎಂಜಿನ್ನಿನ ನೀರಿಗೆ ಇಳಿಯುವ ಸೆನ್ಸರಿನ ತಿರುಪಿಗೆ, ತೊಟ್ಟು ನೀರೂ ಸೋರಬಾರದೆಂದು, ಬಿಳಿ ಟೇಪು ಸುತ್ತಿದ್ದೇ ಸುತ್ತಿದ್ದು. ಏನು ಮಾಡಿದರೂ ಅಚ್ಚುಕಟ್ಟು, ಪುಣ್ಯಾತ್ಮ.

ಅಲ್ಲಿಂದಾಚೆ ಮೀಟರಿನ ಮುಳ್ಳು ಮೇಲೇಳಲೇ ಇಲ್ಲ. ಎಂಜಿನ್ ತಣ್ಣಗಿದೆಯೆಂದು ಉಳವಯ್ಯ ಬೀಗಿದ.

ಒಂದು ಮಧ್ಯಾಹ್ನ ಊರಿನ ಮಾದಪ್ಪನಿಗೆ ಎದೆನೋವು. ವ್ಯಾನಿನ ಹಿಂದೆ ಅವನ ಹೆಂಡತಿ ದೇವೀರಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಧ ದಾರಿಯಲ್ಲಿ ಕೂಗಿದಳು:

“ಸ್ವಾಮಿ, ಏನೋ ಸುಟ್ಟ ವಾಸ್ನೆ ಬತ್ತಾ ಅದೆ!”

“ಮುಳ್ಳು ಕೆಳಗೇ ಇದೆ ಕಣಮ್ಮ. ಸುಮ್ನೆ ಕೂತ್ಕೊ.”

“ನಿಲ್ಸಿ ನೋಡಿ ಸ್ವಾಮಿ, ನಿಮ್ಮ ದಮ್ಮಯ್ಯ!”

ಉಳವಯ್ಯ ಇನ್ನೊಮ್ಮೆ ಮುಳ್ಳು ನೋಡಿದ. ನಿಲ್ಲಿಸಲಿಲ್ಲ.

ಏರಿನಲ್ಲಿ ಎಂಜಿನ್ ಹಿಡಿದುಕೊಂಡು ವ್ಯಾನು ನಿಂತೇ ಹೋಯಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಮಾದಪ್ಪನ ಉಸಿರು ನಿಂತಿತ್ತು.

ಸೆನ್ಸರ್ ಬಿಚ್ಚಿದ ಮೆಕ್ಯಾನಿಕ್ ಟೇಪು ತೋರಿಸಿದ. “ಇದರ ಲೋಹ ಎಂಜಿನ್ನಿಗೆ ತಾಗಿದ್ರೇ ಕರೆಂಟು ಹರಿಯೋದು. ನೀವು ತಾಗೋಕೇ ಬಿಟ್ಟಿಲ್ಲ. ನೀರು ಕುದ್ದು ಬತ್ತಿ ಹೋದ್ರೂ ಈ ಮುಳ್ಳು ಏಳ್ತಿರಲಿಲ್ಲ. ವಾಸನೆ ಬಂದಾಗ್ಲೇ ನಿಲ್ಲಿಸಿ, ಆರೋಕೆ ಬಿಟ್ಟು ನೀರು ಹಾಕಿದ್ರೆ ಗಾಡಿ ಆಸ್ಪತ್ರೆ ಮುಟ್ತಿತ್ತು.”

ಮಾದಪ್ಪನನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಉಳವಯ್ಯ ಹೊಳೆಗಿಳಿದ. ಗುರುಗಳು ಬಟ್ಟೆ ಒಗೆಯುತ್ತಿದ್ದರು.

“ಬುದ್ಧಿ, ಟೇಪಿನ ವಿಷಯ ನಂಗೆ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ. ಸರಿ.”

“ಮುಳ್ಳು ಸುಳ್ಳು ಹೇಳ್ತು ಬುದ್ಧಿ.”

“ಆ ಹೆಣ್ಣುಮಗಳು?”

ಎರಡು ದಿನದಿಂದ ಉಳವಯ್ಯನ ಎದೆಯನ್ನು ಕೊರೆಯುತ್ತಿದ್ದದ್ದು ಅದೇ.

“ನಿಜ ಹೇಳಿದ್ಲು. ನಾನೇ ಬಾಯಿ ಮುಚ್ಚಿಸಿದೆ.”

ಗುರುಗಳು ಬಟ್ಟೆ ಹಿಂಡಿದರು.

“ನಂಗೆ ಮೌನವ್ರತ ಕೊಡಿ ಬುದ್ಧಿ. ಯಾರ ಮುಖಾನೂ ನೋಡ್ದೆ ಒಂದು ಮೂಲೇಲಿ ಇದ್ಬಿಡ್ತೀನಿ.”

ಗುರುಗಳು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಉಳವಯ್ಯ ಹಿಂದೆಯೇ ನಡೆದ. ಅವರು ಆಶ್ರಮದ ದಾರಿ ಬಿಟ್ಟು ಊರ ದಾರಿ ಹಿಡಿದಾಗ ಅವನು ಹೆಜ್ಜೆ ನಿಧಾನ ಮಾಡಿದ.

ದೇವೀರಮ್ಮನ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಳು ಕೇಳಿಸುತ್ತಿತ್ತು.

“ಬೇಡಿ ಬುದ್ಧಿ. ನನ್ನ ಕಂಡ್ರೆ ಆಕೆ ಸುಮ್ನೆ ಬಿಟ್ಟಾಳಾ?”

ಗುರುಗಳು ಜಗಲಿಯ ಮೇಲೆ ಕೂತರು.

“ಒಳಗೆ ಹೋಗಿ ಏನಂತ ಹೇಳ್ಲಿ?”

“ನೀನೇನೂ ಹೇಳ್ಬೇಡ ಮರಿ. ಆಕೆ ಹೇಳೋದು ಇನ್ನೂ ಮುಗಿದಿಲ್ಲ.”