ಮಾಳಪ್ಪನ ರುದ್ರಾಕ್ಷಿ

ಹೊಳೆದಂಡೆಯ ಮೇಲೊಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ಮಣ್ಣಿನ ಗೋಡೆಯ ಎರಡು ಖೋಲಿ, ಹಿಂದಿನ ಗುರುಗಳ ಗದ್ದುಗೆ, ಅಂಗಳದಲ್ಲೊಂದು ಬೇವಿನ ಮರ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಲ್ಲಿದ್ದ ಗುರುಗಳನ್ನು ಸುತ್ತಲಿನ ಊರವರು ಅಜ್ಜಾರು ಅನ್ನುತ್ತಿದ್ದರು. ಅವರಿಗಿದ್ದವನು ಒಬ್ಬನೇ ಶಿಷ್ಯ, ಗುರುಪಾದಯ್ಯ.

ಸಂಜೆಯಾದರೆ ಆ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದವರು ಭಕ್ತರಲ್ಲ, ಕುಡುಕರು. ಸೆರೆ ಅಂಗಡಿಯಿಂದ ಬಾಟಲಿ ಹಿಡಿದುಕೊಂಡು ನೆಟ್ಟಗೆ ಮಠಕ್ಕೇ ಬರುತ್ತಿದ್ದರು. ಕುಡಿದೆಯಾ ಎಂದು ಅಜ್ಜಾರು ಯಾರನ್ನೂ ಕೇಳುತ್ತಿರಲಿಲ್ಲ. ಅವರು ಕೇಳುತ್ತಿದ್ದ ಮಾತೇ ಬೇರೆ.

"ಹೊಟ್ಟಿಗೇನರ ಹಾಕ್ಕೊಂಡಿಯೇನಪಾ?"

ಇಲ್ಲ ಅಂದರೆ ಮೊದಲು ಅಂಬಲಿ. ಆಮೇಲೆ ಅವನ ಪಾಡು ಅವನಿಗೆ.

ಆದರೆ ಮೆಟ್ಟಿಲಿಗೂ ಒಂದು ಕಟ್ಟಳೆ ಇತ್ತು. ಒಬ್ಬನೇ ಕೂತು ಕುಡಿಯಬಾರದು. ಕುಡಿದ ಮೇಲೆ ನೀರಿಗೆ ಇಳಿಯಬಾರದು. ಎಚ್ಚರ ತಪ್ಪಿ ಬಿದ್ದವನನ್ನು ಪಕ್ಕದಲ್ಲಿದ್ದವನು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಅವನು ಏಳುವವರೆಗೆ ಬಿಟ್ಟುಹೋಗಬಾರದು. ಮೈಮೇಲೆ ಖಬರಿಲ್ಲದ ಕುಡುಕರೂ ಇದನ್ನು ಮಾತ್ರ ಮರೆಯುತ್ತಿರಲಿಲ್ಲ.

ಅಂಬಲಿ ಬಡಿಸುವ ಕೆಲಸ ಗುರುಪಾದಯ್ಯನದು. ಬಡಿಸುವಾಗ ಅವನ ಮುಖ ಹುಳ್ಳಗಾಗುತ್ತಿತ್ತು. ವೇದಾಂತ ಕಲಿಯಲು ಬಂದವನು ಸೆರೆಯ ವಾಸನೆಯ ನಡುವೆ ಸೌಟು ಹಿಡಿದು ನಿಂತಿದ್ದ. ಪಾಪ, ಅವನಿಗೂ ಬೇಸರವಾಗದೆ ಇರುತ್ತದೆಯೇ?

"ಅಜ್ಜಾರೆ, ಮಂದಿ ಆಡ್ಕೊಳ್ಳಾಕ ಹತ್ಯಾರ," ಎಂದ ಒಂದು ದಿನ.

"ಏನಂತಾರ?"

"ಮಠದಾಗ ಕುಡಕರನ್ನ ಸಾಕ್ಯಾರ ಅಂತಾರ."

"ಖರೇನ ಅಂತಾರ. ನಾಳಿಂದ ಅಂಬಲಿ ಇನ್ನೊಂದೀಟು ಜಾಸ್ತಿ ಕಾಸು."

"ಬಿಡ್ರೋ ಅಂತ ನೀವೊಂದು ಮಾತು ಹೇಳಬಾರದೇನ್ರಿ?"

"ಹಡದಾಕಿ ಹೇಳ್ಯಾಳ, ಕಟ್ಟಿಕೊಂಡಾಕಿ ಹೇಳ್ಯಾಳ. ಇನ್ನ ನಾ ಹೇಳೂದೇನು ಉಳದೈತಿ?"

ಆ ಗುಂಪಿನಲ್ಲಿ ಮಾಳಪ್ಪ ಎಂಬ ಕಂಬಳಿ ನೇಯುವವನಿದ್ದ. ಗುರುಪಾದಯ್ಯ ಹೊದೆಯುತ್ತಿದ್ದ ಕಂಬಳಿಯೂ ಅವನು ನೇಯ್ದದ್ದೇ. ಈಗ ಕೈ ನಡುಗಿ, ಮಗ್ಗದ ಮುಂದೆ ಕೂತರೆ ಲಾಳಿ ಜಾರಿ ಬೀಳುತ್ತಿತ್ತು. ಮಾಳಪ್ಪ ಅಂದರೆ ಗುರುಪಾದಯ್ಯನಿಗೆ ಅಕ್ಕರೆ. ಅಕ್ಕರೆ ಇದ್ದಲ್ಲೇ ಸಿಟ್ಟೂ ಹೆಚ್ಚು.

ಒಂದು ಸಂಜೆ ಮಾಳಪ್ಪ ಅರ್ಧ ಬಾಟಲಿ ಉಳಿಸಿ ಮುಚ್ಚಳ ಹಾಕಿದ. ಅಜ್ಜಾರು ಅವನ ಬೆನ್ನು ತಟ್ಟಿ, "ಚಲೋ ಆತು ನೋಡಪಾ," ಅಂದರು. ಗುರುಪಾದಯ್ಯನಿಗೆ ಮೈಯೆಲ್ಲ ಉರಿಯಿತು. ಅರ್ಧ ಕುಡಿದದ್ದಕ್ಕೂ ಶಹಬ್ಬಾಸಗಿರಿಯೇ!

ಮುಂದೆ ಅಜ್ಜಾರು ಭಕ್ತರ ಮನೆಯ ಸಾವಿಗೆಂದು ದೂರದ ಊರಿಗೆ ಹೋದರು. ಗುರುಪಾದಯ್ಯ ಇದೇ ಹೊತ್ತೆಂದು ಮಾಳಪ್ಪನನ್ನು ಕರೆಸಿದ. ಹೊಳೆಯಲ್ಲಿ ಮೀಯಿಸಿದ, ಹಣೆಗೆ ವಿಭೂತಿ ಹಚ್ಚಿದ, ಗದ್ದುಗೆ ಮುಟ್ಟಿಸಿ ಕೊರಳಿಗೆ ರುದ್ರಾಕ್ಷಿ ಕಟ್ಟಿದ.

"ನಾ ಅಂದಂಗ ಅನ್ನು. ಇನ್ನ ಸೆರೆ ಮುಟ್ಟಂಗಿಲ್ಲ."

"ಇನ್ನ ಸೆರೆ ಮುಟ್ಟಂಗಿಲ್ಲರಿ."

"ಮುಟ್ಟಿದ್ರ ಈ ಮಠದ ಮೆಟ್ಟಲಾ ತುಳಿಯಂಗಿಲ್ಲ."

ಮಾಳಪ್ಪ ಒಂದು ಗಳಿಗೆ ತಡೆದ. ಆಮೇಲೆ ಅದನ್ನೂ ಹೇಳಿದ. ಹೇಳಿ, ಗುರುಪಾದಯ್ಯನ ಕಾಲು ಹಿಡಿದು ಮಗುವಿನಂತೆ ಅತ್ತ.

ಮಾತು ಉಳಿಯಿತು, ಕೆಲವು ದಿನ. ಮಾಳಪ್ಪನ ಹೆಂಡತಿ ಲಗಮವ್ವ ಬಿಸಿ ರೊಟ್ಟಿ ಕಟ್ಟಿಕೊಂಡು ಬಂದು ಅಡ್ಡಬಿದ್ದಳು. ಗುರುಪಾದಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳಿದ ಕುಡುಕರಿಗೆ ಅಂಬಲಿ ಬಡಿಸುವಾಗ, "ಅವನ್ನ ನೋಡಿ ಕಲೀರಿ," ಎಂದು ಬೆರಳು ಮಾಡಿ ತೋರಿಸಿದ. ಮಾಳಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನ ಮೈಯೆಲ್ಲ ಬೆವರಿತ್ತು.

"ಸ್ವಾಮ್ಯಾರ, ಇವತ್ತು ಭಾಳ ತ್ರಾಸ ಆಗೇತ್ರಿ," ಎಂದ.

"ರುದ್ರಾಕ್ಷಿ ಗಟ್ಟಿ ಹಿಡ್ಕೋ," ಎಂದ ಗುರುಪಾದಯ್ಯ, ಮತ್ತೊಬ್ಬನಿಗೆ ಬಡಿಸಲು ಹೋದ.

ಮರುದಿನ ಮಾಳಪ್ಪ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ ಅಜ್ಜಾರು ಬಂದರು. ಕಾಲು ತೊಳೆಯುತ್ತಲೇ ಕೇಳಿದರು.

"ಎಲ್ಲಾರೂ ಬಂದಿದ್ರೇನು ನಿನ್ನೆ?"

"ಮಾಳಪ್ಪ ಒಬ್ಬ ಬರಲಿಲ್ಲರಿ. ಅವಗ ಇನ್ನ ಇದರ ಗರಜಿಲ್ಲ. ಆಣೆ ಮಾಡಿ ಬಿಟ್ಟಾನ!" ನಡೆದದ್ದನ್ನೆಲ್ಲ ಗುರುಪಾದಯ್ಯ ಉಬ್ಬಿ ಉಬ್ಬಿ ಹೇಳಿದ.

ಅಜ್ಜಾರು ನೀರಿನ ತಂಬಿಗೆ ಕೆಳಗಿಟ್ಟರು.

"ಮುಟ್ಟಿದ್ರ ಮೆಟ್ಟಲಾ ತುಳಿಯಂಗಿಲ್ಲ ಅಂತ ಅನಿಸಿದಿ?"

"ಹೌದ್ರಿ. ಅಂಜಿಕಿ ಇರಲಿ ಅಂತ."

"ಹಂಗಾರ ಮುಟ್ಟಿದಾಂವ ಎಲ್ಲಿಗೆ ಹೋಗಬೇಕು?"

ಅಜ್ಜಾರು ಒದ್ದೆ ಕಾಲಲ್ಲೇ ಕೋಲು ಹಿಡಿದು ಹೊರಟರು.

ಮಾಳಪ್ಪ ಮನೆಯಲ್ಲಿರಲಿಲ್ಲ. ನಿನ್ನೆ ಮುಂಜಾನೆ ಮಠಕ್ಕೆ ಹೋಗುತ್ತೇನೆ ಅಂದವನು ಬಂದಿಲ್ಲ, ಅಲ್ಲೇ ಸೇವೆಗೆ ನಿಂತಿರಬೇಕು ಅಂದುಕೊಂಡೆ ಎಂದಳು ಲಗಮವ್ವ. ಸುದ್ದಿ ಕೇಳಿ ಕುಡುಕರೆಲ್ಲ ಎದ್ದು ಬಂದರು. ಅಂಗಡಿ, ಹಾಳು ಗುಡಿ, ಹೊಳೆಯ ಮಡು ಎಲ್ಲ ಹುಡುಕಿದರು.

ಕೊನೆಗೆ ಸಿಕ್ಕಿದ್ದು ಹೊಳೆ ತಿರುಗುವಲ್ಲಿ, ಯಾರೂ ಕಾಲಿಡದ ಜಾಲಿ ಕಂಟಿಯ ಒಳಗೆ. ಅಂಗಾತ ಬಿದ್ದಿದ್ದ. ಕುಡಿದದ್ದು ವಾಂತಿಯಾಗಿ ಗಂಟಲಿಗೆ ಸಿಕ್ಕಿತ್ತು. ಮೈ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಕೊರಳಲ್ಲಿ ರುದ್ರಾಕ್ಷಿ ಇರಲಿಲ್ಲ.

ಗುರುಪಾದಯ್ಯ ತಲೆ ಎತ್ತಿದ. ಮಾಳಪ್ಪ ಅದನ್ನು ಬಿಚ್ಚಿ ಎತ್ತರದ ಟೊಂಗೆಗೆ ಸಿಕ್ಕಿಸಿದ್ದ, ಮೈಲಿಗೆಯಾಗದಿರಲಿ ಎಂದು. ಆ ನಡುಗುವ ಕೈಯಲ್ಲಿ, ಅಷ್ಟು ಮುಳ್ಳಿನ ನಡುವೆ ಅದನ್ನು ಅಷ್ಟು ನೀಟಾಗಿ ಹೇಗೆ ಸಿಕ್ಕಿಸಿದನೋ! ಕೆಳಗೆ ಬಿದ್ದಿದ್ದ ಕೈಯ ಮೇಲೆಲ್ಲ ಮುಳ್ಳು ಗೀರಿದ ಗಾಯಗಳಿದ್ದವು.

ಕುಡುಕರಲ್ಲಿ ಹಿರಿಯನಾದ ಫಕೀರಪ್ಪ ಹೆಣದ ಪಕ್ಕ ಕುಸಿದು ಕೂತು, ಮಾಳಪ್ಪನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ.

"ಮೆಟ್ಟಲಕ್ಕ ಬಂದಿದ್ರ ಇದನ್ನ ಮಾಡ್ತಿದ್ವಲ್ಲೋ ಮಾಳ್ಯಾ," ಎಂದು ಬಾಯಿ ಬಡಿದುಕೊಂಡು ಅತ್ತ.

ಮಣ್ಣು ಮಾಡಿ ಬಂದ ಮೇಲೆ ಲಗಮವ್ವ ಗುರುಪಾದಯ್ಯನ ಮುಂದೆ ನಿಂತಳು. ಬೈಯಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ಯಪ್ಪಾ, ದಿನಾ ಕುಡದ್ರೂ ಮಠಕ್ಕ ಬರ್ತಿದ್ರು. ಆವತ್ತೊಂದು ದಿನ ಯಾಕ ಬರಲಿಲ್ಲರಿ?"

ಗುರುಪಾದಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನ ಬರಬ್ಯಾಡ ಅಂದಿದ್ನಿ, ತಾಯಿ," ಎಂದ.

ಅವಳು ಹೊರಟುಹೋದಳು.

ಸಂಜೆ ಮೆಟ್ಟಿಲ ಮೇಲೆ ಕುಡುಕರು ಒಬ್ಬೊಬ್ಬರಾಗಿ ಬಂದು ಕೂತರು. ಮಾಳಪ್ಪ ಕೂರುತ್ತಿದ್ದ ಜಾಗವನ್ನು ಬಿಟ್ಟು ಕೂತರು. ಒಳಗೆ ಅಂಬಲಿ ಆರುತ್ತಿತ್ತು. ಗುರುಪಾದಯ್ಯ ಸೌಟು ಮುಟ್ಟಲಿಲ್ಲ. ಗದ್ದುಗೆಯ ಮುಂದೆ ಆ ರುದ್ರಾಕ್ಷಿಯನ್ನು ಹಿಡಿದು ಕೂತಿದ್ದ.

ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಅಜ್ಜಾರೆ, ನನ್ನ ಮಠ ಬಿಡಸ್ರಿ. ನಾ ಇಲ್ಲಿರಾಕ ಲಾಯಕ್ಕಿಲ್ಲ."

"ಎಲ್ಲಿಗೆ ಹೋಗ್ತಿ?"

"ಎಲ್ಲಿಗರ. ಯಾರಿಗೂ ಮಾರಿ ಕಾಣದಲ್ಲಿಗೆ."

"ಜಾಲಿ ಕಂಟಿಗೇನು?"

ಗುರುಪಾದಯ್ಯ ಬಿಕ್ಕಿ ಬಿಕ್ಕಿ ಅತ್ತ. ಅಜ್ಜಾರು ಅವನ ಕೈಯಿಂದ ರುದ್ರಾಕ್ಷಿ ತೆಗೆದುಕೊಂಡು ಅವನ ಕೊರಳಿಗೇ ಕಟ್ಟಿದರು.

"ಆಣೆ ಮಾಡು."

ಗುರುಪಾದಯ್ಯ ಗದ್ದುಗೆಯ ಮೇಲೆ ಕೈಯಿಟ್ಟ.

"ಇನ್ನ ಯಾರನ್ನೂ ಕೀಳಾಗಿ ಕಾಣಂಗಿಲ್ಲರಿ. ಯಾರ ಮ್ಯಾಲೂ ಸಿಟ್ಟಾಗಂಗಿಲ್ಲರಿ. ಯಾರಿಗೂ ಬರಬ್ಯಾಡ ಅನ್ನಂಗಿಲ್ಲರಿ."

"ಆ ಆಣೆ ಮುರೀತೈತಿ," ಎಂದರು ಅಜ್ಜಾರು.

"ಮತ್ತೇನಂತ ಮಾಡ್ಲಿ?"

ಅಜ್ಜಾರು ಸೌಟನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಮುರದ ದಿನ ನಿಮ್ಮ ಹತ್ರಾನ ಬರ್ತೀನಿ ಅಂತ ಮಾಡು."