ಗೀಜಗ ಓದಿದ ನೌಕೆಯ ಬಾಗಿಲು

ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟದಾಗಿದ್ದರೆ ಕ್ಷಮಿಸಿ. ಒಂದು ಗಂಡು ಗೀಜಗ, ಅಂದರೆ ಗೂಡು ನೇಯುವ ಹಕ್ಕಿ, ಗೂಡಿನ ಬಾಗಿಲು ಎಷ್ಟಗಲವಿರಬೇಕೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿತು. ಬಾಹ್ಯಾಕಾಶ ನೌಕೆಯ ಬಾಗಿಲು ಸಿಕ್ಕಿತು. ಬಾಗಿಲಿನಿಂದ ಅದನ್ನು ಚೌಕಟ್ಟಿಗೆ ಜೋಡಿಸುವ ಕೀಲಿಗೆ ಹೋಯಿತು, ಕೀಲಿನಿಂದ ಕೀಲೆಣ್ಣೆಗೆ. ಮೂರು ದಿನ ಕಳೆಯಿತು.

ಗೂಡನ್ನು ನೋಡಿ ಒಪ್ಪಬೇಕಾದ ಹೆಣ್ಣು ಬಂದು, "ಗೂಡೆಲ್ಲಿ? ನಾಳೆಯೇ ಮೊಟ್ಟೆಯಿಡಬೇಕು" ಎಂದಿತು.

"ಗಾಳಿಯಿಲ್ಲದ ಕಡೆ ಎಣ್ಣೆ ಆವಿಯಾಗಿಬಿಡುತ್ತದೆ, ಗೊತ್ತೇನು?"

"ಇಲ್ಲಿ ಗಾಳಿ ಇದೆಯಲ್ಲ."

"ಆ ಭಾಗ ಇನ್ನೂ ಓದಿಲ್ಲ."

ಹೆಣ್ಣು ಪಕ್ಕದ ಕೊಂಬೆಗೆ ಹಾರಿತು. ಅಲ್ಲಿನ ಗಂಡು ಏನನ್ನೂ ಓದಿರಲಿಲ್ಲ. ಅದರ ಗೂಡು ಸ್ವಲ್ಪ ಸೊಟ್ಟಗಿತ್ತು. ಹೆಣ್ಣು ಒಳಹೊಕ್ಕಿತು.

ನೀತಿಯನ್ನೂ ವಿವರಿಸಿಬಿಡುತ್ತೇನೆ. ಓದುವುದು ತಪ್ಪಲ್ಲ. ಆದರೆ ಎಲ್ಲಿ ನಿಲ್ಲಿಸಬೇಕು ಎಂದರೆ, ಮೊದಲನೆಯದಾಗಿ... ಇರಿ, ಊಟಕ್ಕೆ ಕರೆಯುತ್ತಿದ್ದಾರೆ.