ತಾವರೆ ಎಲೆಯ ಮೇಲೆ ಕಾವು

ಮಡಿವಾಳಜ್ಜನ ಮಠ ಕೆರೆಯ ದಂಡೆಗಿತ್ತು. ಅಲ್ಲಿ ಕಲಿತವರು ಊರೂರು ತಿರುಗಿ ಪ್ರವಚನ ಹೇಳಬೇಕೆಂದರೆ ಮೊದಲು ಒಂದು ಪರೀಕ್ಷೆ ದಾಟಬೇಕಿತ್ತು. ಶಾಸ್ತ್ರ ಪುರಾಣ ಬದಿಗಿಟ್ಟು, ಆ ಕೆರೆಯಲ್ಲಿ ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯ ಮೇಲೆ ಮಾತಾಡಬೇಕು. ಕೇಳಲು ತನ್ನನ್ನು ಸಾಕಿ ಬೆಳೆಸಿದವರನ್ನು ಕರೆಸಬೇಕು. ಅಜ್ಜ ಒಪ್ಪಿದರೆ, ಸಾಕಿದವರೇ ಶಿಷ್ಯನ ಹೆಗಲಿಗೆ ಜೋಳಿಗೆ ಹಾಕಿ ಕಳಿಸಿಕೊಡುತ್ತಿದ್ದರು.

ಒಪ್ಪದಿದ್ದರೆ ಮತ್ತೊಂದು ವರ್ಷ ಅಂಗಳದ ಕಸ.

ರೇವಣನಿಗೆ ಆ ಭಯವಿರಲಿಲ್ಲ. ಅವನು ಬಾಯಿ ತೆರೆದರೆ ಕೊಟ್ಟಿಗೆಯ ಎಮ್ಮೆಯೂ ಮೆಲುಕು ನಿಲ್ಲಿಸುತ್ತದೆ ಎಂದು ಮಠದವರು ಚೇಷ್ಟೆ ಮಾಡುತ್ತಿದ್ದರು. ಅವನು ಅದನ್ನು ಚೇಷ್ಟೆಯೆಂದು ತಿಳಿದಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ನೀರಿಗೆ ಹೋದಾಗ ಅವನಿಗೆ ದೇವನಕ್ಕಿ ಎಂಬ ನೀರುಹಕ್ಕಿ ಕಂಡಿತು. ಬಿಳಿ ಮುಖ, ಕತ್ತಿನ ಹಿಂದೆ ಬಂಗಾರದ ತೇಪೆ, ಹುರಿದ ಕಾಫಿಬೀಜದ ಬಣ್ಣದ ಮೈ, ಕುಡುಗೋಲಿನಂತೆ ಬಾಗಿದ ಉದ್ದ ಬಾಲ. ಕಾಲ್ಬೆರಳುಗಳು ಎಷ್ಟು ನೀಳವೆಂದರೆ ತಾವರೆ ಎಲೆ ಅದರ ಭಾರಕ್ಕೆ ಮುಳುಗುತ್ತಲೇ ಇರಲಿಲ್ಲ. ಎಲೆಯ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಹಕ್ಕಿ.

ರೇವಣ ಕೊಡ ತುಂಬುವಷ್ಟು ಹೊತ್ತು ನೋಡಿದ. ಅವನಿಗೆ ಅಷ್ಟು ಸಾಕಾಯಿತು.

ಪ್ರವಚನದ ದಿನ ಅವನ ಅಪ್ಪ ಕಲ್ಲಪ್ಪ ಬಸ್ಸಿಳಿದು ಬಂದ. ಬಟ್ಟೆ ಹೊಲಿಯುವವನು. ರೇವಣ ಅಂಬೆಗಾಲಿಡುವ ಮೊದಲೇ ಹೆಂಡತಿ ತೀರಿಕೊಂಡಿದ್ದಳು. ಒಂದು ಕಾಲಲ್ಲಿ ಮಶೀನು, ಇನ್ನೊಂದು ಕಾಲಲ್ಲಿ ತೊಟ್ಟಿಲು ತೂಗಿ ಮಗನನ್ನು ಬೆಳೆಸಿದವನು. ಬಂದವನು ಹೊದ್ದಿದ್ದ ಶಾಲು ತೆಗೆದು, ಒಂದು ಅಂಚನ್ನು ಗದ್ದದಡಿ ಒತ್ತಿ ಹಿಡಿದು, ನೀಟಾಗಿ ಮಡಿಚಿ, ಕಂಬದ ಬುಡದಲ್ಲಿ ಕೂತ.

ರೇವಣ ಆ ಹಕ್ಕಿಯನ್ನೇ ಮಾತಿಗೆ ಎತ್ತಿಕೊಂಡ. ತಾಯಿ ಎಂದರೆ ಇವಳು ಎಂದ. ಎಲೆಯಷ್ಟು ತೆಳುವಾದ ಲೋಕದ ಮೇಲೆ ಕೂತು ಜೀವಕ್ಕೆ ಕಾವು ಕೊಡುವವಳು. ತಾಯಿಯ ಮಡಿಲಿಗೆ ಬದಲಿ ಇಲ್ಲ, ಉಳಿದವರ ಪ್ರೀತಿಯೆಲ್ಲ ಅವಳ ನೆರಳು ಮಾತ್ರ ಎಂದ. ಕೇಳಲು ಬಂದಿದ್ದ ಊರ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಲ್ಲಪ್ಪನೂ ತಲೆ ತಗ್ಗಿಸಿದ. ರೇವಣ ಅದನ್ನು ಕಂಡು, ಮಾತು ನಾಟಿತು ಎಂದುಕೊಂಡ.

ಅಜ್ಜ ಕೇಳಿದರು. “ಛಲೋ ಹೇಳಿದಿ ತಮ್ಮಾ. ಆ ತಾಯಿ ಉಣ್ಣಾಕ ಹೋದಾಗ ತತ್ತಿ ಯಾರು ನೋಡ್ಕೋತಾರ?”

“ತಾಯಿಗೆ ಹಸಿವು ಎಲ್ಲೀದು, ಅಜ್ಜಾರ?”

ಜನ ತಲೆದೂಗಿದರು. ಅಜ್ಜ ತೂಗಲಿಲ್ಲ. “ನೋಡಿಕೊಂಡು ಬಾ. ಅಲ್ಲೀತನಕ ನಿಮ್ಮಪ್ಪ ಇಲ್ಲೇ ಇರಲಿ.”

ರೇವಣ ಮುಖ ಊದಿಸಿಕೊಂಡೇ ದಂಡೆಗೆ ಹೋಗಿ ಕೂತ.

ಹಕ್ಕಿ ಆಗಾಗ ಎದ್ದು, ಎಲೆಯಿಂದ ಎಲೆಗೆ ಓಡಿ, ಹುಳ ಹೆಕ್ಕಿ, ಯಾರೋ ಕರೆದಂತೆ ಓಡಿ ಬಂದು ಕೂರುತ್ತಿತ್ತು. ಹಸಿವು ಇದೆ ಎಂದಾಯಿತು. ಮಧ್ಯೆ ಬೆಕ್ಕಿನ ಮರಿಯಂತೆ ಕೂಗುತ್ತಿತ್ತು. ಎದ್ದಾಗ ರೇವಣ ಎಣಿಸಿದ. ಮೂರು ಮೊಟ್ಟೆ.

ಮರುದಿನ ಇನ್ನೊಂದು ದೇವನಕ್ಕಿ ಬಂತು. ಅದೇ ಬಂಗಾರದ ಕತ್ತು, ಅದೇ ಬಾಲ, ಮೈ ಮಾತ್ರ ಒಂದು ಸುತ್ತು ದೊಡ್ಡದು. ನಡಿಗೆಯಲ್ಲಿ ಗೌಡಿಕೆ. ಮನೆ ಯಜಮಾನ ಬಂದ ಎಂದು ರೇವಣ ತೀರ್ಮಾನಿಸಿದ. ಚಿಕ್ಕದು ಪಕ್ಕಕ್ಕೆ ಸರಿಯಿತು. ಯಜಮಾನ ಮೊಟ್ಟೆಗಳ ಬದಿಗೆ ಕೂತ. ಸ್ವಲ್ಪ ಹೊತ್ತಿಗೆ ಎದ್ದ.

ನಾಲ್ಕು ಮೊಟ್ಟೆ.

ದೊಡ್ಡ ಹಕ್ಕಿ ಹಿಂದಿರುಗಿ ನೋಡಲಿಲ್ಲ. ಕೆರೆಯ ಆಚೆ ಬದಿಗೆ ಹಾರಿತು. ಅಲ್ಲಿ ಇನ್ನೊಂದು ಚಿಕ್ಕ ಹಕ್ಕಿ ಕೂಗಿ ಕರೆಯುತ್ತಿತ್ತು. ಇತ್ತ ಚಿಕ್ಕದು ಬಂದು, ನಾಲ್ಕನ್ನೂ ಮೈಯಡಿ ಸೇರಿಸಿಕೊಂಡು, ರೆಕ್ಕೆ ತಗ್ಗಿಸಿ ಕೂತಿತು.

ಮೊಟ್ಟೆಯಿಟ್ಟು ಹೋದದ್ದು ಯಜಮಾನನಲ್ಲ, ತಾಯಿ ಎಂದು ರೇವಣನಿಗೆ ಹೊಳೆಯಿತು. ಹೋದವಳನ್ನು ಬಾಯಿಗೆ ಬಂದಂತೆ ಬೈದ.

ಮಧ್ಯಾಹ್ನ ಮೇಲಿನ ಹಳ್ಳ ಬಂದು ಕೆರೆ ಏರಿತು. ಎಲೆಯ ಅಂಚಿಗೆ ನೀರು ಹತ್ತಿತು. ಹಕ್ಕಿ ಎದ್ದು, ಒಂದು ಮೊಟ್ಟೆಯನ್ನು ಗದ್ದದಡಿ ಎದೆಗೊತ್ತಿ ಹಿಡಿದು, ಹಿಂದೆ ಹಿಂದೆ ನಡೆಯುತ್ತ ಎತ್ತರದ ಎಲೆಗೆ ಎಳೆದೊಯ್ಯಿತು. ಮತ್ತೆ ಬಂತು. ಮತ್ತೆ ಗದ್ದ ಇಳಿಸಿತು.

ಹೀಗೆ ಗದ್ದದಡಿ ಒತ್ತಿ ಹಿಡಿಯುವವನನ್ನು ರೇವಣ ತೊಟ್ಟಿಲಿನಿಂದಲೇ ನೋಡಿದ್ದ.

ಕೊನೆಯ ಮೊಟ್ಟೆ ದಾಟುವವರೆಗೆ ಅವನು ನಿಂತೇ ಇದ್ದ. ಆಮೇಲೆ ಮಠಕ್ಕೆ ಬಂದ.

“ಕಾವು ಕೊಡೋದು ತಾಯಿ ಅಲ್ಲ, ಅಜ್ಜಾರ.”

“ಹೌದು.”

“ನಿಮಗ ಗೊತ್ತಿತ್ತು. ನಿನ್ನೀನ ಹೇಳಬಹುದಿತ್ತಲ್ಲ?”

“ಹೇಳಿದ್ರ ಇನ್ನೊಂದು ಪ್ರವಚನ ಕಟ್ಟತಿದ್ದಿ.”

ಆ ದೊಡ್ಡ ಹಕ್ಕಿಗೆ ಕರುಳೇ ಇಲ್ಲವೆಂದು ರೇವಣ ಗೊಣಗಿದ.

“ಆಕೀನ ಯಾಕ ಬೈತಿ? ನಿನ್ನಿ ಆಕಿನ್ನ ದೇವರು ಮಾಡಿದವನು ನೀನ. ಆಕಿ ಏನು ಕೇಳಿದ್ದಳೇನು?”

ರೇವಣನಿಗೆ ನಗು ಬರಬೇಕಿತ್ತು. ಬರಲಿಲ್ಲ. ಕಂಬದ ಬುಡ ಖಾಲಿಯಿತ್ತು.

“ಅಪ್ಪ ಎಲ್ಲಿ? ಹೋದನೇನು?”

“ಹಿತ್ತಲದಾಗ ಕುಂತಾನ. ನಿನಗ ಜೋಳಿಗಿ ಹೊಲೀತೀನಿ ಅಂತ ಅರಿವಿ ಕೇಳಿ ಇಸಗೊಂಡ. ಒಪ್ಪಿಗಿ ಸಿಗತೈತೋ ಇಲ್ಲೋ ಅಂತ ಒಂದು ಮಾತು ಕೇಳಲಿಲ್ಲ.”

ರೇವಣ ಹೊಸ್ತಿಲಲ್ಲೇ ನಿಂತ. ಇಷ್ಟು ಮಾತ್ರ ಬಂತು. “ಹಂಗಾದ್ರ ನಾ ಮತ್ತ ಯಾವಾಗ ಮಾತಾಡ್ಲಿ, ಅಜ್ಜಾರ?”

ಅಜ್ಜ ಹಿತ್ತಲ ಬಾಗಿಲ ಕಡೆ ನೋಡಿದರು.

“ಮುಂಜಾನಿಂದ ನಿಮ್ಮಪ್ಪಗ ಸೂಜಿ ಕಣ್ಣು ಕಾಣವಲ್ಲದು. ಹೋಗಿ ದಾರ ಪೋಣಿಸಿ ಕೊಡು.”